ಕಾವಿಗೆ ಕುಳಿತ ಕೋಳಿ

ದಢೇಸುಗೂರು
೧೪ ಅಕ್ಟೋಬರ್ ೨೦೨೪

ನನ್ನ ಮಗಳು ಮೌನೇಶ್ವರಿಗೆ,

ನಿನ್ನ ಅವ್ವ ರೇಣುಕಮ್ಮ ಮಾಡುವ ಆಶೀರ್ವಾದ. ನಾನು, ನಿಮ್ಮಪ್ಪ ಇಲ್ಲಿ ಇದ್ದೇವೆ. ನೀನು ಕ್ಷೇಮವೇ ಎಂದು ಬರೆಯಲು ಕೈ ಏಳುತ್ತಿಲ್ಲ, ಆದರೂ ಕೇಳುತ್ತೇನೆ. ನೀನು ಗಂಡನ ಮನೆಗೆ ತಿರುಗಿ ಹೋದ ಮೇಲೆ ಬರೆಯಬೇಕು ಬರೆಯಬೇಕು ಎಂದುಕೊಂಡೇ ಇಷ್ಟು ದಿನ ದೂಡಿದೆ, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಿದರೆ ನಿನ್ನ ಗಂಡ ಸಿದ್ದರಾಮ ಸ್ಪೀಕರ್ ಹಾಕಿ ಮಗ್ಗುಲಲ್ಲೇ ಕೂಡುತ್ತಾನೆ. ನಾನು "ಉಂಡಿಯೇನ" ಎನ್ನುತ್ತೇನೆ, ನೀನು "ಹೂಂನವ್ವ, ಆರಾಮ ಅದೀನಿ" ಎನ್ನುತ್ತೀ, ಅಲ್ಲಿಗೆ ಮುಗಿಯಿತು. ಅದಕ್ಕೇ ಈ ಕಾಗದ. ಚಾಂದ್‌ಬೀ ನಾಳೆ ಬಳೆ ಮಾರಲು ಮಸ್ಕಿಗೆ ಬರುತ್ತಾಳೆ, ಬಳೆ ತೊಡಿಸುವ ನೆಪದಲ್ಲಿ ನಿನ್ನ ಕೈಗೇ ಕೊಡುತ್ತಾಳೆ. ಓದಿ ಒಲೆಗೆ ಹಾಕು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ಕೋಳಿ ಕೆದರಿದ ಹಾಗಿದ್ದರೆ ನಗು. ನೀನು ನಕ್ಕರೆ ನನಗೇನೂ ಸಿಟ್ಟಿಲ್ಲ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನಿನ್ನ ಕರಿ ಕೋಳಿ, ನೀನು ಮೇಡಂ ಮೇಡಂ ಎಂದು ಕರೆಯುತ್ತಿದ್ದೆಯಲ್ಲ, ಅದು ಮರಿ ಎಬ್ಬಿಸಿದೆ. ಗುಡುಗಿಗೆ ತತ್ತಿ ಕೆಡಬಾರದೆಂದು ನೀನು ಕಾವಿನ ಪುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಮೊಳೆ ಇಟ್ಟು ಹೋಗಿದ್ದೆಯಲ್ಲ, ಮಳೆ ಗುಡುಗಿ ಗುಡುಗಿ ಹೋಯಿತು, ಒಂದೆರಡು ಬಿಟ್ಟರೆ ಎಲ್ಲವೂ ಒಡೆದು ಮರಿಯಾದವು. ಮೇಡಂ ಈಗ ಯಾರನ್ನೂ ಹತ್ತಿರ ಬಿಡುವುದಿಲ್ಲ, ನನ್ನ ಮುಂಗೈಗೂ ಕುಕ್ಕಿದೆ.

ಯುಗಾದಿ ಮುಗಿದ ಮೇಲೆ ತೋಳಿನ ತುಂಬ ಬಾಸುಂಡೆ ಹೊತ್ತು ನೀನು ಬಂದದ್ದು, ಬಾಯಿ ಬಿಡದೆ ಮೂಲೆ ಹಿಡಿದದ್ದು ಕಣ್ಣ ಮುಂದೆಯೇ ಇದೆ. ಆಗ ಚಾಂದ್‌ಬೀ ತನ್ನ ಮನೆಯ ಮೂರು ಹೇಟೆ, ಒಂದು ಹುಂಜ ತಂದು ನಿನ್ನ ಮುಂದೆ ಬಿಟ್ಟಳು. "ಪಾಲಿಗೆ ಕೊಡಾಕತ್ತೀನಿ ಬೇ. ಮರಿಯೊಳಗ ಅರ್ಧ ನಂದು, ಅರ್ಧ ನಿಂದು. ತತ್ತಿ ಎಲ್ಲಾ ನಿಂದ. ಸತ್ತರ ನಾ ಕೇಳಂಗಿಲ್ಲ" ಎಂದಳು. ನಮ್ಮ ಮನೆಯಲ್ಲಿ ಯಾರೂ ಕೋಳಿ ಸಾಕಿದವರಲ್ಲ. ನೀನು ಕೂಸಿಗೆ ಉಣಿಸುವ ಹಾಗೆ ಅನ್ನ ಕಿವುಚಿ ಹಾಕುತ್ತಿದ್ದೆ, ಅವು ನಿನ್ನ ಅನ್ನ ಬಿಟ್ಟು ತಿಪ್ಪೆಗೆ ಓಡುತ್ತಿದ್ದವು. ಮೊದಲ ತತ್ತಿ ಸಿಕ್ಕಿದ್ದು ಎಲ್ಲಿ, ನಿಮ್ಮಪ್ಪ ಗದ್ದೆಗೆ ಹುಳ ಸಾಯುವ ಎಣ್ಣೆ ಹೊಡೆಯುವ ಪಂಪಿನ ಮಗ್ಗುಲಿಗೆ, ಅವನು ಬಿಚ್ಚಿ ಎಸೆದ ಅಂಗಿಯ ಮೇಲೆ. "ನಾತ ಹೊಡಿಯೂ ಅಂಗಿ ಮ್ಯಾಲ ಇಕ್ಕೈತಲ್ಲ, ಇದಕ್ಕ ಮೂಗು ಇಲ್ಲೇನು" ಎಂದು ನೀನು ನಕ್ಕೆ. ಬಂದ ಮೇಲೆ ಅವತ್ತೇ ನೀನು ನಕ್ಕದ್ದು. ಆಮೇಲೆ ನೀನು ಮನೆಮನೆಗೆ ತತ್ತಿ ಕೊಟ್ಟು ಬರುವಾಗ ಕತ್ತು ನೆಟ್ಟಗೆ ಮಾಡಿ ನಡೆಯುತ್ತಿದ್ದೆ, ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಅಷ್ಟರಲ್ಲಿ ನಿನ್ನನ್ನು ತಿರುಗಿ ಕಳಿಸುವ ಮಾತಾಡಲು ನಿನ್ನ ಮಾವ ಹಿರಿಯನೆಂದು ವಿರೂಪಾಕ್ಷಪ್ಪನನ್ನು ಕರೆದುಕೊಂಡು ಬಂದ. "ತತ್ತಿ ಮಾರಿ ನನ್ನ ಹೊಟ್ಟಿ ನಾ ಹೊರ್ಕೋತೀನ್ರಿ, ಯಾರಿಗೂ ಭಾರ ಆಗಂಗಿಲ್ಲ. ಆ ಮನಿಗೆ ಮಾತ್ರ ಕಳಸಬ್ಯಾಡ್ರಿ" ಎಂದು ನೀನು ಎಲ್ಲರ ಎದುರಿಗೆ ಕೈ ಮುಗಿದೆ. ವಿರೂಪಾಕ್ಷಪ್ಪ ನಕ್ಕುಬಿಟ್ಟ. "ನಾಕು ಕೋಳಿ ಕಟ್ಕೊಂಡು ಜೀವನ ಮಾಡ್ತಾಳಂತ. ಸೋಮವಾರ ಕಳಸ್ರಿ" ಎಂದು ಎದ್ದುಹೋದ. ಅವನ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಸೋಮವಾರದೊಳಗೆ ನಿಮ್ಮಪ್ಪನ ಮನಸ್ಸು ತಿರುಗಿಸುತ್ತೇನೆ ಎಂದುಕೊಂಡಿದ್ದೆ. ಅವನೂ ಅರ್ಧ ತಿರುಗಿದ್ದ.

ಮರುದಿನ ಮಧ್ಯಾಹ್ನ ನಾವಿಬ್ಬರೂ ಗದ್ದೆಯಿಂದ ಬಂದರೆ ಎರಡು ಹೇಟೆ, ಆ ಹುಂಜ ಅಂಗಳದಲ್ಲಿ ಕಾಲು ಚಾಚಿ ಬಿದ್ದಿದ್ದವು. ನೀನು ಗೋಡೆಗೆ ಒರಗಿ ಕುಳಿತಿದ್ದೆ. ಕೋಳಿಯ ದುಃಖಕ್ಕೆ ಎಂದುಕೊಂಡೆವು. ಅವತ್ತು ಮುಂಜಾನೆ ನಿಮ್ಮಪ್ಪ ಹಿತ್ತಲ ಮಗ್ಗುಲಿನ ಗದ್ದೆಗೇ ಎಣ್ಣೆ ಹೊಡೆದಿದ್ದ. ಎಣ್ಣೆ ಹೊಡೆಯುವ ದಿನ ಕೋಳಿ ಮುಚ್ಚಿಡಬೇಕೆಂದು ನಿನಗೆ ಹೇಳಲು ಮರೆತಿದ್ದ. ಸತ್ತ ಹುಳ ಆರಿಸಿ ತಿಂದಿವೆ ಎಂದು ಇಡೀ ಓಣಿಯೇ ಅಂದಿತು. ಅವನು ತಲೆ ಮೇಲೆ ಕೈ ಹೊತ್ತು, "ಈಗ ಏನಂತ ಹೇಳಿ ಇಟ್ಕೊಳ್ಳೂದು ಆಕಿನ್ನ" ಎಂದ. ನಾನು ನಿನ್ನ ಸೀರೆ ಮಡಚಿ ಚೀಲಕ್ಕೆ ಹಾಕಿದೆ. ಸೋಮವಾರ ನೀನು ಹೋದೆ.

ಅಂದಿನಿಂದ ನಿಮ್ಮಪ್ಪ ಪಂಪು ಮುಟ್ಟಿಲ್ಲ. ಕೂಲಿಗೆ ಕರೆಯಲು ಬಂದವರಿಗೆ ಮೈಯಲ್ಲಿ ಆರಾಮಿಲ್ಲ ಎನ್ನುತ್ತಾನೆ. "ಆಕಿ ಒಂದು ದಾರಿ ಮಾಡ್ಕೊಂಡಿದ್ಲು, ನನ್ನ ಕೈಲೇ ಹಾಳಾತು" ಎಂದು ಗೋಡೆಗೆ ಹೇಳಿಕೊಳ್ಳುತ್ತಾನೆ. ಈಗ ಮರಿಗಳ ಎದುರಿಗೆ ಕೂತು ನುಚ್ಚು ಹಾಕುತ್ತಾನೆ, ಊಟಕ್ಕೆ ಕರೆದರೆ ಏಳುವುದಿಲ್ಲ.

ಚಾಂದ್‌ಬೀ ಮರಿ ನೋಡಲು ಬಂದಿದ್ದಳು. ತನ್ನ ಪಾಲು ಬೇಡವಂತೆ, ಎಲ್ಲಾ ನಿನಗೇ ಇರಲಂತೆ. ಹೋಗುವಾಗ ಒಂದು ಮಾತು ಅಂದಳು. "ಗದ್ದಿಗೆ ಹೋಗಿದ್ರ ಅಲ್ಲೇ ಎಲ್ಯಾರ ಬೀಳತಿದ್ದುವು. ಅಂಗಳದಾಗ ಏನೋ ತಿಂದಾವ. ಈ ಕರೀದು ಕಾವಿಗೆ ಕುಂತಿತ್ತು, ಆಗ ಕೆಳಗ ಇಳದಿಲ್ಲ, ಅದಕ್ಕ ಉಳದೈತಿ." ಆಗ ನಾನು ಹೂಂ ಎಂದು ಮರಿಗಳಿಗೆ ನೀರು ಇಟ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಮೈಮೇಲೆ ಯಾರ ಕೈಯೂ ಏಳದಿರಲಿ, ನೀನು ನೂರು ಕಾಲ ಬಾಳು ಎಂದು ದಿನವೂ ದೀಪ ಹಚ್ಚುವಾಗ ಬೇಡುತ್ತೇನೆ.

ನಿನ್ನ ಅವ್ವ,
ರೇಣುಕಮ್ಮ

ಮತ್ತೊಂದು ಮಾತು: ಇಷ್ಟು ಬರೆದು ಮಡಚಿ ಚಾಂದ್‌ಬೀ ಕೈಗೆ ಕೊಟ್ಟಿದ್ದೆ, ತಿರುಗಿ ಇಸಿದುಕೊಂಡೆ. ನಿನ್ನೆ ಕಾಗದ ಕೊಟ್ಟು ಬಂದ ಮೇಲೆ ಹೊಟ್ಟು ಬದಲಿಸಲೆಂದು ಪುಟ್ಟಿ ಸರಿಸಿದಾಗ ಅದರ ಹಿಂದೆ, ಗೋಡೆಗೆ ಒತ್ತಿ ಒಂದು ಸ್ಟೀಲಿನ ಬಟ್ಟಲು ಇತ್ತು. ನಿನ್ನ ಮದುವೆಗೆ ನಾವು ಹೆಸರು ಹಾಕಿಸಿ ಕೊಟ್ಟ ಬಟ್ಟಲು. ತಳದಲ್ಲಿ ಮೊಸರನ್ನ ಒಣಗಿ ಹತ್ತಿತ್ತು. ನಿಮ್ಮಪ್ಪನ ಅಂಗಿ ಒಗೆಯುತ್ತ ಬಂದವಳು ನಾನು, ಬಟ್ಟಲಿನಿಂದ ಬಂದ ವಾಸನೆ ಗದ್ದೆಗೆ ಹೊಡೆಯುವ ಎಣ್ಣೆಯದೆಂದು ನನಗೆ ಯಾರೂ ಹೇಳಬೇಕಿಲ್ಲ. ಕೋಳಿಗೆ ಯಾರೂ ಮೊಸರನ್ನ ಕಲಸುವುದಿಲ್ಲ, ಮೌನಿ. ಮನಸ್ಸು ತಿರುಗಿ ನೀನೇ ಚೆಲ್ಲಿದೆಯೋ, ನಿನಗಿಂತ ಮೊದಲು ಅವೇ ಬಾಯಿ ಹಾಕಿದವೋ, ಕೇಳುವುದಿಲ್ಲ. ನೀನು ಸಾವಿನ ಬಾಯಿಂದ ಉಳಿದಿದ್ದೆ, ನಾವು ಮತ್ತೆ ಅದೇ ಮನೆಗೆ ಕಳಿಸಿದೆವು. ನಿಮ್ಮಪ್ಪನಿಗೆ ಇನ್ನೂ ಗೊತ್ತಿಲ್ಲ, ನೀನು ಬಂದ ಮೇಲೆ ಹೇಳುತ್ತೇನೆ. ಚಾಂದ್‌ಬೀ ಜೊತೆ ಅದೇ ಬಸ್ಸಿಗೆ ನಾನೂ ಬಂದಿದ್ದೇನೆ. ನೀನು ಇದನ್ನು ಓದುವಾಗ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿರುತ್ತೇನೆ. ಯಾರನ್ನೂ ಕೇಳಬೇಡ, ಉಟ್ಟ ಸೀರೆಯಲ್ಲೇ ಅವಳ ಹಿಂದೆ ಬಾ. ತಡವಾದರೆ ನಾನೇ ಬಾಗಿಲಿಗೆ ಬರುತ್ತೇನೆ. ಬುತ್ತಿ ಕಟ್ಟಿಕೊಂಡು ಬಂದಿದ್ದೇನೆ. ಇನ್ನು ಮೇಲೆ ನೀನು ಒಬ್ಬಳೇ ಕುಳಿತು ಉಣ್ಣುವುದು ಬೇಡ.