ನೀರು ಬೇಡದ ಗಿಡಗಳು

ಹಿಂದೂಪುರ
೧೪ ಜೂನ್ ೨೦೨೫

ಪದ್ಮಾ,

ಈ ಕಾಗದವನ್ನು ಅಂಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಕಂಬದೂರಿನ ತೋಟವೊಂದಕ್ಕೆ ಮಾವಿನ ಸಸಿ ಇಳಿಸಲು ಅವನ ಟೆಂಪೋ ನಾಳೆ ನಿನ್ನ ಕಲ್ಯಾಣದುರ್ಗದ ಮೇಲೆಯೇ ಹೋಗುತ್ತದೆ. ಜೊತೆಗೆ ನಿನಗೆ ಎರಡು ಕುಂಡಗಳಿವೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸುಮ್ಮನಾದ ಕೂಡಲೇ ನಾನು ಬೇರೆ ಮಾತು ತೆಗೆಯುತ್ತೇನೆ. ಅದು ನಿನಗೂ ಗೊತ್ತು.

ಮಂಗಳವಾರ ನಿನ್ನ ಮೆಸೇಜು ಬಂತು. ಮೂರು ಗಿಡವೂ ಹೋದವು, ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ, ವರ್ಗಾವಣೆಯ ಆಪ್ಷನ್‌ನಲ್ಲಿ ಹಿಂದೂಪುರ ಹಾಕುವುದಿಲ್ಲ, ಈ ಸ್ಕೂಲಿನಲ್ಲೇ ಇದ್ದುಬಿಡುತ್ತೇನೆ ಎಂದು ಬರೆದಿದ್ದೆ. ಗಿಡಕ್ಕೂ ವರ್ಗಾವಣೆಗೂ ಏನು ಸಂಬಂಧ ಎಂದು ಇನ್ನೊಬ್ಬರಾದರೆ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಆಪ್ಷನ್ ತುಂಬಲು ಬರುವ ಗುರುವಾರವೇ ಕೊನೆ. ಅಷ್ಟರೊಳಗೆ ಇದು ನಿನಗೆ ತಲುಪಬೇಕು.

ನಮ್ಮ ನರ್ಸರಿಗೆ ಬರುವವರಲ್ಲಿ ಅರ್ಧ ಜನ ಕೇಳುವುದು ಒಂದೇ: ನಾವು ಮರೆತರೂ ಬದುಕುವಂಥದ್ದು ಕೊಡಿ. ಅಂಥವರಿಗಾಗಿ ಹಿಂದಿನ ಶೆಡ್ಡಿನಲ್ಲಿ ಒಂದು ಮೂಲೆ ಇಟ್ಟಿದ್ದೇನಲ್ಲ, ಕೆಲಸದ ನರಸಕ್ಕ ಅದಕ್ಕೆ ಉಪವಾಸದ ಮೂಲೆ ಎನ್ನುತ್ತಾಳೆ. ಮೂರು ವಾರ ನೀರು ಕಾಣದೆ ನಿಂತವು ಮಾತ್ರ ಮುಂದಿನ ಸಾಲಿಗೆ ಬರುತ್ತವೆ. ಕೊಳ್ಳುವವರನ್ನು ನಾನು ಕೇಳುವುದೂ ಎರಡೇ ಮಾತು, ಕಿಟಕಿ ಯಾವ ಕಡೆಗಿದೆ, ಮನೆಗೆ ಬೀಗ ಹಾಕಿ ಎಷ್ಟು ದಿನ ಹೋಗುತ್ತೀರಿ. ನಿನ್ನ ವಿಷಯದಲ್ಲಿ ಮೂರನೆಯ ಪ್ರಶ್ನೆಯೊಂದಿತ್ತು. ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ?

ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಎರಡು ವರ್ಷದ ಹಿಂದೆ ನೀನೇ ಹೇಳಿದ್ದೆ. ಬೀಗದ ಕೈ ಸ್ಟಾಫ್ ರೂಮಿನಲ್ಲಿ ಮರೆತು ಎರಡು ಸಲ ಮೆಟ್ಟಿಲ ಮೇಲೆ ಕೂತಿದ್ದೆನೆಂದೂ, ನಿಮ್ಮ ಸ್ಕೂಲಿನಲ್ಲಿ ಸೈನ್ಸ್ ಪಾಠ ಹೇಳುವ ಮುರಳಿಕೃಷ್ಣ ಸಾರ್ ಹತ್ತಿರ ಒಂದು ಕೊಟ್ಟಿದ್ದೇನೆಂದೂ, ನಿನ್ನ ಬಾಲ್ಕನಿಯ ನಲ್ಲಿಯನ್ನು ಅವರೇ ರಿಪೇರಿ ಮಾಡಿದರೆಂದೂ. ನೀನು ಕೈ ತೊಳೆಯುತ್ತಾ ಹೇಳಿದೆ. ಟವಲು ಕೊಟ್ಟವನು ನಾನು. ಈಗ ಒಂದು ವರ್ಷದಿಂದ ಆ ಹೆಸರು ನಿನ್ನ ಬಾಯಲ್ಲಿ ಬಂದಿಲ್ಲ. ಬರುತ್ತಿದ್ದುದಕ್ಕಿಂತ ಬರದಿರುವುದೇ ನನಗೆ ಹೆಚ್ಚು ಕಷ್ಟವಾಯಿತು.

ಯುಗಾದಿಗೆ ಬಂದವಳು ಗಿಡ ಕೊಡಿ ಎಂದೆ. ಮದುವೆಯಾದ ಇಪ್ಪತ್ತೊಂದು ವರ್ಷದಲ್ಲಿ ನೀನು ನನ್ನ ಹತ್ತಿರ ಗಿಡ ಕೇಳಿದ್ದು ಅದೇ ಮೊದಲು. ಅಡುಗೆಮನೆ ಕಿಟಕಿಯ ಮನಿ ಪ್ಲಾಂಟನ್ನೇ ಒಣಗಿಸಿದವಳು. ಒಂದು ಸ್ನೇಕ್ ಪ್ಲಾಂಟ್, ಒಂದು ಜೀಜೀ ಪ್ಲಾಂಟ್, ಒಂದು ಲೋಳೆಸರ ನಾನೇ ಆರಿಸಿದೆ. ಹದಿನೈದು ದಿನಕ್ಕೊಂದು ಸಲ ನೀರು, ಮರೆತರೆ ಇನ್ನೂ ಒಳ್ಳೆಯದು ಎಂದೆ. ಗಟ್ಟಿ ಗಿಡ ಆರಿಸಿದ್ದಾರೆ ಎಂದು ನಿನಗೆ ಸಂತೋಷವಾಯಿತು. ನಾನು ಆರಿಸಿದ್ದು ನೀನಿಲ್ಲದಾಗ ನೀರು ಹಾಕುವ ನೆಪದಲ್ಲಿ ಯಾರೂ ಆ ಬೀಗ ತೆಗೆಯಬೇಕಾಗಿ ಬರದ ಗಿಡಗಳನ್ನು. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಬೇಸಗೆ ರಜಕ್ಕೆ ನೀನು ಬರಲಿಲ್ಲ. ಏನೋ ಕೆಲಸ ಎಂದೆ. ಆ ನಲವತ್ತು ದಿನ ನಾನು ಸಸಿಗಳಿಗೆ ಪೈಪು ಹಿಡಿದಾಗಲೆಲ್ಲ, ನಾನು ನೋಡಿಯೇ ಇರದ ಒಬ್ಬ ಮನುಷ್ಯ ಕೈಯಲ್ಲಿ ಚೊಂಬು ಹಿಡಿದು ನಿನ್ನ ಬಾಲ್ಕನಿಯಲ್ಲಿ ನಿಂತಿರುತ್ತಿದ್ದ.

ಬುಧವಾರ ಕಲ್ಯಾಣದುರ್ಗಕ್ಕೆ ಬಂದಿದ್ದೆ. ನೀನು ಟ್ರೈನಿಂಗಿಗೆ ಅನಂತಪುರಕ್ಕೆ ಹೋಗಿರುತ್ತೀ ಎಂದು ತಿಳಿದೇ ಬಂದೆ. ಕೆಳಗಿನ ಮನೆಯ ಈರಕ್ಕ ಕೂರಿಸಿ ಮಜ್ಜಿಗೆ ಕೊಟ್ಟರು. ಮೇಲಕ್ಕೆ ಯಾರು ಯಾರು ಬರುತ್ತಾರೆ ಎಂದು ಮಾತಿನ ನಡುವೆ ಕೇಳಿದೆ.

"ಇನ್ಯಾರು ಬತ್ತಾರಪ್ಪ? ಆ ಮುರಳಿ ಸಾರು ಹೋದ್ ವರ್ಷನೇ ಬೀಗದ ಕೈ ನನ್ ಕೈಗಿಟ್ಟು ಬೆಳುಗುಪ್ಪಕ್ಕೆ ವರ್ಗ ಆಗಿ ಹೋದ್ರಲ್ಲ."

ಗಿಡಕ್ಕೆ ನೀರು ಯಾರು ಹಾಕುತ್ತಿದ್ದರು ಎಂದೆ.

"ನಿಮ್ಮೆಂಡ್ರೇ ಕಣಪ್ಪ. ಬೆಳಗೆದ್ದು ಮುಖಾನೂ ತೊಳೀದಂಗೆ ಒಂದೊಂದಕ್ಕೆ ಒಂದೊಂದು ಚೊಂಬು. ಅವೇನು ಕೂಸಾ ತಾಯಿ ಅಂತ ನಾನೇ ಬೈತಿದ್ದೆ. ನಮ್ಮೆಜಮಾನ್ರು ಕೊಟ್ಟಿರೋವು ಅಂತಿದ್ಲು. ಎಲೆ ಹಳದಿ ಆದಂಗೆಲ್ಲ ಇನ್ನೊಂದು ಚೊಂಬು. ರಜಕ್ಕೆ ಊರಿಗೋಗಮ್ಮ ಅಂದ್ರೆ, ಇವು ಹಿಂಗಿದ್ರೆ ಯಾವ ಮುಖ ಇಟ್ಕೊಂಡು ಹೋಗ್ಲಿ ಈರಕ್ಕ ಅಂತ ಕೂತ್ಬುಟ್ಲು."

ಮೆಟ್ಟಿಲ ಪಕ್ಕದಲ್ಲಿ ಆ ಮೂರು ಕುಂಡಗಳನ್ನು ನೀನು ಒಂದರ ಮೇಲೊಂದು ಇಟ್ಟಿದ್ದೆ. ಮಣ್ಣು ಚೆಲ್ಲಿ, ತೊಳೆದಿಟ್ಟಿದ್ದೆ. ನಾನು ಅವುಗಳ ಮುಂದೆ ನಿಂತೆ. ಇದನ್ನೂ ಹೇಳಿಬಿಡುತ್ತೇನೆ: ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಗಿಡಗಳ ಮೇಲೆಯೇ ಹೊಟ್ಟೆಕಿಚ್ಚಾಯಿತು. ನನ್ನ ಯಾವ ಕೆಲಸಕ್ಕೂ ನೀನು ಮುಖ ತೊಳೆಯದೆ ಎದ್ದು ಬಂದವಳಲ್ಲ. ನಾನೂ ನಿನ್ನನ್ನು ಏನು ಬೇಕು ಎಂದು ಕೇಳಿದವನಲ್ಲ. ನಿನಗೆ ಏನೂ ಬೇಡವೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಅವು ಸತ್ತದ್ದು ನಿನ್ನ ಕೈಗುಣದಿಂದಲ್ಲ. ಮಣ್ಣಿನ ಹದ ತಪ್ಪಿರಬೇಕು. ಅಷ್ಟೇ ಎಂದು ತಿಳಿ.

ಈಗ ಕಳಿಸುತ್ತಿರುವವು ಮತ್ತೆ ಒಂದು ಸ್ನೇಕ್ ಪ್ಲಾಂಟ್, ಒಂದು ಜೀಜೀ. ನಿನಗೆ ಇಷ್ಟ ಬಂದಷ್ಟು ಹಾಕು. ಆಪ್ಷನ್ ನಿನ್ನದು.

ನಿನ್ನ ಮನೆಯ ಮೆಟ್ಟಿಲವರೆಗೆ ಬಂದು ಹಿಂತಿರುಗಿದ,
ಜಯಚಂದ್ರ

ಮರೆತದ್ದಲ್ಲ, ಬಿಟ್ಟದ್ದು: ಮೇಲೆ ಮಣ್ಣಿನ ಹದ ಎಂದು ಬರೆದದ್ದು ಸುಳ್ಳು. ಅರ್ಧ ಮರಳು ಬೆರೆಸಿದ ಮಣ್ಣು ಅದು. ನಿನ್ನ ಊರಿನ ಗಾಳಿಗೆ, ಆ ಬಿಸಿಲಿಗೆ, ದಿನಕ್ಕೊಂದು ಚೊಂಬು ಹಾಕಿದ್ದರೂ ನೀರು ಇಳಿದುಹೋಗಬೇಕಿತ್ತು. ಹೋಗಲು ದಾರಿ ಇರಲಿಲ್ಲ. ಗಿಡ ನೆಡುವ ಮೊದಲು ಮೂರು ಕುಂಡಗಳ ತಳದ ತೂತಿಗೂ ಬಿಳಿ ಸಿಮೆಂಟು ಹಾಕಿ ಮುಚ್ಚಿದವನು ನಾನು. ನರಸಕ್ಕ ನೋಡಿ, "ಬೇರು ಕೊಳೀತದಲ್ಲಣ್ಣ" ಎಂದಳು. ಪದ್ಮಾಳ ಮನೆ ಟೈಲ್ಸ್ ಕೊಳೆಯಾಗಬಾರದು ಎಂದೆ. ನೀನು ಮರೆಯುತ್ತೀ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನೀನು ಮರೆತರೆ ಗಿಡ ಬದುಕುತ್ತದೆ. ಇನ್ನೊಬ್ಬ ಬಂದು ನೀರು ಹಾಕುತ್ತಿದ್ದರೆ ಕೊಳೆತು ನನಗೆ ತಿಳಿಸುತ್ತದೆ ಎಂಬುದು ನನ್ನ ಲೆಕ್ಕ. ಬುಧವಾರ ಆ ಕುಂಡಗಳನ್ನು ತಿರುಗಿಸಿ ನೋಡುವ ಧೈರ್ಯ ಬರಲಿಲ್ಲ. ನೀನು ನೋಡು. ಆಮೇಲೆ ಅಂಜಿ ಇಳಿಸುವ ಎರಡನ್ನೂ ತಿರುಗಿಸಿ, ತೂತಿನಲ್ಲಿ ಬೆರಳಿಟ್ಟು ನೋಡು. ಅದಾದ ಮೇಲೆ ಆಪ್ಷನ್ ತುಂಬು.