ಸೋಸುವ ಬಟ್ಟೆ

ಬೆಂಗಳೂರು, ೧೯೬೧

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತಿನದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಶತ್ರುವಿಮಾನಗಳನ್ನು ಆಕಾಶದಲ್ಲೇ ತಡೆಯಲೆಂದು ಇಲ್ಲಿನ ಕಾರ್ಖಾನೆಯಲ್ಲಿ ನಾವು ಕಟ್ಟುತ್ತಿರುವ ಹೊಸ ಜೆಟ್ಟಿನ ಎಂಜಿನ್ನನ್ನು ಇವತ್ತು ಮೊದಲ ಸಲ ಚಾಲೂ ಮಾಡುವುದಿತ್ತು. ಡ್ರಮ್ಮಿನ ಇಂಧನವನ್ನು ಬಟ್ಟೆಯಲ್ಲಿ ಸೋಸಿ ನೋಡುವ ಕೆಲಸ ನನ್ನದು. ಸೋಸಿ ಮುಗಿಸಿದವನೇ, ಯೋಚನೆಯೇ ಇಲ್ಲದೆ, ಬಟ್ಟೆಯನ್ನು ಮಗುಚಿ ಅದೇ ಡ್ರಮ್ಮಿನೊಳಗೆ ಜಾಲಾಡಿಬಿಟ್ಟೆ. ಮೂಡಬಿದಿರೆಯ ನಮ್ಮ ಬಾವಿಕಟ್ಟೆಯಲ್ಲಿ, ಕುಡಿಯುವ ನೀರು ಸೋಸಿದ ಮೇಲೆ, ಬಟ್ಟೆಗೆ ಅಂಟಿದ ಸಣ್ಣ ಜೀವಗಳು ತಮ್ಮ ನೀರಿಗೇ ಮರಳಲಿ ಎಂದು ನೀವು ದಿನವೂ ಮಾಡುತ್ತಿದ್ದಿರಲ್ಲ, ಹಾಗೆಯೇ.

"ಎಂತದು ಮಾರಾಯ, ತೆಗೆದ ಕಸವನ್ನು ಪುನಃ ಡ್ರಮ್ಮಿಗೇ ಹಾಕುದಾ?" ಎಂದು ನಮ್ಮ ಮೇಸ್ತ್ರಿ, ಬಂಟ್ವಾಳದ ಹಸನಬ್ಬ, ಕೂಗಿದರು.

ಬೇರೆ ಡ್ರಮ್ಮು ತರಿಸಿದರು. ಎಂಜಿನ್ನು ಗುಡುಗಿದಾಗ ಎಲ್ಲರೂ ಕುಣಿದರು. ನನಗೆ ಕೇಳಿಸಿದ್ದು ನಿಮ್ಮ ಮಾತು: "ಜೀವ ತೆಗೆಯುವ ಯಂತ್ರ ಮಾಡ್ಲಿಕ್ಕೆ ಹೋಗ್ತೀಯಾ ಮಗಾ?" ಈ ಕೆಲಸಕ್ಕೆ ಹೊರಟ ದಿನ ನೀವು ಹಾಗೆ ಕೇಳಿದಾಗ ನಾನು ತಿರುಗಿಯೂ ನೋಡದೆ ಬಸ್ಸು ಹತ್ತಿದ್ದೆ.

ಚಹಾ ಕುಡಿಯುವಾಗ ಹಸನಬ್ಬ ಮೆಲ್ಲಗೆ ಕೇಳಿದರು.

"ಹಾಗೆ ಸೋಸ್ಲಿಕ್ಕೆ ಯಾರು ಕಲಿಸಿದ್ದು?"

"ಅಪ್ಪ."

"ಊರಲ್ಲಿದ್ದಾರಾ?"

"ಇದ್ದಾರೆ," ಎಂದುಬಿಟ್ಟೆ. "ಈ ಸಲ ರಜೆಯಲ್ಲಿ ಹೋಗಿ ಮಾತಾಡಿಸಿ ಬರ್ತೇನೆ."