ಅಮ್ಮ ಒಡೆದ ಗೋಡೆ

ಹೊಂಗೆಪಾಳ್ಯ, ಬೆಂಗಳೂರು
ಬೀದಿ ಬಿಡುಗಡೆಯ ಮೂವತ್ತೆಂಟನೇ ವರ್ಷ. ನಿಮ್ಮ ಲೆಕ್ಕದಲ್ಲಿ 2109

ಊರೊಳಗೆ ಎಕ್ಸ್‌ಪ್ರೆಸ್‌ವೇ ಕಟ್ಟಲು ಹೊರಟಿರುವವರಿಗೆ,

ನಾನು ನಿಮ್ಮ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ಹಾಗಾಗಿ ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು. ಅದಕ್ಕಷ್ಟೇ ಕ್ಷಮೆ ಕೇಳುತ್ತೇನೆ. ಮಾತಿನ ಕಹಿಗೆ ಕೇಳುವುದಿಲ್ಲ.

ನನ್ನ ಹೆಸರು ವನಮಾಲಾ, ವಯಸ್ಸು ಅರವತ್ತು. ನಾನು ಇಲ್ಲಿನ ಹೆಜ್ಜೆಗಾವಲಿ. ಅಂದರೆ ಬೀದಿಗೆ ಬರುವ ಸರಕಿನ ಗಾಡಿಗಳ ಮುಂದೆ ನಡೆಯುವವಳು. ನಾನು ನಡೆದಷ್ಟೇ ವೇಗದಲ್ಲಿ ಅವು ನನ್ನ ಹಿಂದೆ ಬರಬೇಕು. ನೀವು ಎಂಟು ಸಾಲು ವಾಹನ ಓಡಿಸಿದ ಜಾಗದಲ್ಲಿ ಈಗ ಸೈಕಲ್ ದಾರಿಯಿದೆ, ಮರಗಳಿವೆ, ಸೊಪ್ಪು ಮಾರುವವರು ಕೂರುತ್ತಾರೆ. ಮುದುಕರು ನಡುಬೀದಿಯಲ್ಲೇ ನಿಂತು ಜಗಳವಾಡುತ್ತಾರೆ, ಯಾರೂ ಹಾರ್ನ್ ಹೊಡೆಯುವುದಿಲ್ಲ. ಇದನ್ನು ಓದಿ ನೀವು ಖುಷಿಪಡಬೇಕಾಗಿಲ್ಲ. ಇದು ನೀವು ಕೊಟ್ಟದ್ದಲ್ಲ.

ನನ್ನ ಅಪ್ಪ ಮುದ್ದುರಂಗಪ್ಪ ಬಡಗಿ. ನನಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಬೆಳಿಗ್ಗೆ, ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ನಮ್ಮ ಮನೆಯ ಎದುರಿಗೇ ಇತ್ತು. ಅದರ ಬೋರ್ಡನ್ನು ನಮ್ಮ ಮಹಡಿಯಿಂದ ಓದಬಹುದಿತ್ತು. ಆದರೆ ನಡುವೆ ನಿಮ್ಮ ರಸ್ತೆ, ಅದರ ಎರಡೂ ಬದಿಗೆ ಆಳೆತ್ತರದ ಗೋಡೆ. ಅಪ್ಪನನ್ನು ಆಟೋದಲ್ಲಿ ಮಲಗಿಸಿಕೊಂಡು ಹೊರಟೆವು.

"ಇನ್ನೂ ಎಷ್ಟು ದೂರಾಣ್ಣ?" ಅಂದಳು ಅಮ್ಮ.

"ಮೂರು ಕಿಲೋಮೀಟರ್ ಹೋಗಿ ತಿರುಗಿಸ್ಕೊಂಡು, ಮತ್ತೆ ಅಷ್ಟೇ ದೂರ ವಾಪಸ್ ಬರ್ಬೇಕಮ್ಮ. ನಾನೇನ್ ಮಾಡ್ಲಿ?"

ತಿರುವಿಗೆ ತಲುಪುವ ಮೊದಲೇ ಅಪ್ಪನ ಕೈ ನನ್ನ ಕೈಯಲ್ಲಿ ತಣ್ಣಗಾಯಿತು.

ತಿಥಿ ಮುಗಿದ ಮರುದಿನ ನನ್ನ ಅಮ್ಮ ಸಣ್ಣಹೊನ್ನಮ್ಮ ಹಾರೆ ತೆಗೆದುಕೊಂಡು ಹೋಗಿ ನಮ್ಮ ಬದಿಯ ಗೋಡೆಯನ್ನು ಒಬ್ಬರು ನುಸುಳುವಷ್ಟು ಒಡೆದಳು. ಪೊಲೀಸರು ಬಂದರು.

"ಸರ್ಕಾರಿ ಗೋಡೆ ಒಡೀತೀಯೇನಮ್ಮ?"

"ಗೋಡೆ ನೀವೇ ಇಟ್ಕೊಳ್ಳಿ ಸ್ವಾಮಿ. ನಂಗೆ ಆ ಕಡೆ ಹೋಗಕ್ಕೆ ದಾರಿ ಬೇಕು."

ಅವರು ಸಿಮೆಂಟ್ ಹಾಕಿ ಮುಚ್ಚಿದರು, ಅವಳು ಮತ್ತೆ ಒಡೆದಳು. ಎರಡು ಸಲ ಜೈಲಿಗೂ ಹೋಗಿಬಂದಳು. ಆರನೇ ಸಲ ಅವಳ ಹಿಂದೆ ಕೇರಿಯ ನಲವತ್ತು ಹೆಂಗಸರಿದ್ದರು. ಎದುರು ಗೋಡೆಯನ್ನೂ ಒಡೆಯಲು ಅವರು ರಸ್ತೆಗೆ ಇಳಿದದ್ದನ್ನು ಕಂಡ ಲಾರಿ ಡ್ರೈವರೊಬ್ಬ ತನ್ನ ಗಾಡಿಯನ್ನು ಅಡ್ಡಡ್ಡ ನಿಲ್ಲಿಸಿ, "ಹೋಗ್ರಮ್ಮಾ, ನಿಧಾನಕ್ಕೆ ಹೋಗಿ" ಎಂದು ಕೂಗಿದ. ಕಾರುಗಳಿಂದ ಬಂದ ಬೈಗುಳ ನನಗಿನ್ನೂ ನೆನಪಿದೆ.

ರಸ್ತೆ ತೆಗೆಸಲು ಕೇರಿಯವರು ಹಾಕಿದ ಕೇಸು ಹನ್ನೊಂದು ವರ್ಷ ನಡೆಯಿತು. ಕೊನೆಗೆ ಕೋರ್ಟು, ಆರು ವಾರ ರಸ್ತೆ ಮುಚ್ಚಿ ಏನಾಗುತ್ತದೋ ನೋಡಿ ಎಂದಿತು. ಮುಚ್ಚಿದರು. ಊರು ನಿಲ್ಲಲಿಲ್ಲ. ಜನ ಬಸ್ಸು ಹತ್ತಿದರು, ಸೈಕಲ್ ತುಳಿದರು, ನಡೆದರು. ಏಳನೇ ವಾರ ಗೋಡೆ ಕೆಡವುವ ಯಂತ್ರಗಳು ಬಂದವು. ಬೀದಿ ಬಿಡುಗಡೆಯ ವರ್ಷಗಳನ್ನು ನಾವು ಎಣಿಸುವುದು ಅಂದಿನಿಂದಲೇ. ಕೇರಿಯೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ ಅಮ್ಮ ಅತ್ತಳು. ಅಪ್ಪ ಸತ್ತಾಗಲೂ ಅಳದವಳು ಅವಳು. "ಬೇಕೇ ಆಗಿರ್ಲಿಲ್ಲ ಕಣೇ ಈ ರಸ್ತೆ," ಅಂದಳು, "ಯಾರಿಗೂ ಬೇಕಾಗಿರ್ಲಿಲ್ಲ."

ನಿಮಗೆ ಗೊತ್ತಿರಲಿಲ್ಲ ಎನ್ನಬೇಡಿ. ಇಂಥ ರಸ್ತೆಗಳನ್ನು ಬೇರೆ ದೇಶಗಳ ಊರುಗಳು ಕಿತ್ತು ಬೀದಿ ಮಾಡಿಕೊಂಡದ್ದನ್ನು ನೀವು ನಿಮ್ಮ ಪತ್ರಿಕೆಗಳಲ್ಲೇ ಓದಿದ್ದಿರಿ. ಓದಿಯೂ ಕಟ್ಟಿದಿರಿ, ಏಕೆಂದರೆ ಕಾರಿನಲ್ಲಿ ಹೋಗುವವರು ನೀವು, ಗೋಡೆಯ ಪಕ್ಕ ಬದುಕುವವರು ನಾವು.

ನಕ್ಷೆಯ ಮೇಲೆ ಗೆರೆ ಎಳೆಯುವ ಮೊದಲು ಒಮ್ಮೆ ಈ ಕೇರಿಗೆ ಬನ್ನಿ. ಎರಡೂ ಬದಿಯ ಮನೆಗಳಲ್ಲಿ ಯಾರಿದ್ದಾರೆ, ದಿನಾ ಯಾವ ಕೆಲಸಕ್ಕೆ ಆ ಕಡೆ ಹೋಗುತ್ತಾರೆ ಎಂದು ಬಾಗಿಲು ತಟ್ಟಿ ಕೇಳಿ. ಕೇಳಲು ನಾಚಿಕೆಯಾದರೆ ಗೆರೆ ಎಳೆಯಬೇಡಿ.

ಕೇಳಿದ ಮೇಲೂ ಎಳೆದರೆ, ಮುಂದೆಂದಾದರೂ ನಮ್ಮಲ್ಲಿ ಕ್ಷಮೆ ಕೇಳಲು ಬರಬೇಡಿ. ನಾನು ಹುಡುಕಿ ನೋಡಿದ್ದೇನೆ, ನನ್ನಲ್ಲಿ ಅದು ಇಲ್ಲ.

ವನಮಾಲಾ